ಸೋಶಿಯಲ್ ಮೀಡಿಯಾದಿಂದ ವೆಬ್‌ಸೈಟ್‌ಗೆ ಓದುಗರು ಬರುವ ದಾರಿ: ಲಿಂಕ್ ತಯಾರಿಯಿಂದ ಲೆಕ್ಕದವರೆಗೆ

ಲೇಖನ ಪಬ್ಲಿಷ್ ಮಾಡುವುದು, ಲಿಂಕನ್ನು ಫೇಸ್‌ಬುಕ್‌ಗೆ ಹಾಕುವುದು, ಹತ್ತು ವಾಟ್ಸಾಪ್ ಗ್ರೂಪಿಗೆ ತಳ್ಳುವುದು, ಆಮೇಲೆ ಅರ್ಧ ಗಂಟೆಗೊಮ್ಮೆ ಅನಲಿಟಿಕ್ಸ್ (ಸೈಟ್‌ಗೆ ಬಂದವರ ಲೆಕ್ಕ ತೋರಿಸುವ ಸಾಧನ) ತೆರೆದು ನೋಡುತ್ತಾ ಕೂರುವುದು. ವೆಬ್‌ಸೈಟ್ ಶುರುಮಾಡಿದ ಮೊದಲೆರಡು ವರ್ಷ ನಾನು ಮಾಡಿದ್ದು ಇಷ್ಟೇ. ಬರುತ್ತಿದ್ದವರೆಲ್ಲ ಪರಿಚಯದವರು. ಲೈಕ್ ಒತ್ತಿ, ಓದದೆ ಹೋಗುತ್ತಿದ್ದರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ತಡವಾಗಿ ತಲೆಗೆ ಹೋದ ಸಂಗತಿ ಒಂದಿದೆ. ನಾವೇ ಹಾಕಿದ ಲಿಂಕ್‌ನಿಂದ ಬರುವ ಜನ ಯಾವತ್ತೂ ಕಡಿಮೆಯೇ. ಅದನ್ನು ಓದಿದ ಯಾರೋ ಒಬ್ಬರು ತಮ್ಮ ಗೆಳೆಯರಿಗೆ ಕಳಿಸಿದಾಗಲೇ ಟ್ರಾಫಿಕ್ ಏರಲು ಶುರುವಾಗುವುದು. ಮೊದಲ ಶೇರ್ ನಮ್ಮದು, ಎರಡನೇ ಶೇರ್ ಓದುಗರದು. ಎರಡನೆಯದನ್ನು ಮಾಡುವವರು ತಮ್ಮ ಮರ್ಯಾದೆಯನ್ನೂ ಆ ಲಿಂಕ್ ಜೊತೆ ಕಟ್ಟಿ ಕಳಿಸುತ್ತಾರೆ. "ಇದೇನು ಕಳಿಸಿದ್ದೀಯ ಮಾರಾಯ" ಅನ್ನಿಸಿಕೊಳ್ಳಲು ಯಾರಿಗೂ ಇಷ್ಟವಿರುವುದಿಲ್ಲ. ಕೆಳಗಿನ ಹಂತಗಳನ್ನೆಲ್ಲ ಆ ಎರಡನೇ ವ್ಯಕ್ತಿಯನ್ನು ಕಣ್ಣಮುಂದೆ ಇಟ್ಟುಕೊಂಡೇ ಬರೆದಿದ್ದೇನೆ. ಉದಾಹರಣೆಗೆ ಒಂದೇ ಲೇಖನ ಹಿಡಿದುಕೊಳ್ಳೋಣ: ಮೆಮೊರಿ ಕಾರ್ಡ್‌ನಿಂದ ಅಳಿಸಿಹೋದ ಫೋಟೋಗಳನ್ನು ವಾಪಸ್ ಪಡೆಯುವುದು ಹೇಗೆ.

ಹಂತ 1: ಶೇರ್ ಮಾಡುವ ಮೊದಲು ಪ್ರಿವ್ಯೂ ಸರಿಮಾಡಿ

ಲಿಂಕ್ ಅಂಟಿಸಿದ ತಕ್ಷಣ ಅದರ ಜೊತೆ ಒಂದು ಚಿತ್ರ, ಒಂದು ಶೀರ್ಷಿಕೆ, ಒಂದೆರಡು ಸಾಲು ಮೂಡುತ್ತವಲ್ಲ, ಅದೇ ಪ್ರಿವ್ಯೂ. ಪುಟದ ಎಚ್‌ಟಿಎಂಎಲ್‌ನ ಹೆಡ್ ಭಾಗದಲ್ಲಿರುವ ಓಪನ್ ಗ್ರಾಫ್ ಟ್ಯಾಗ್‌ಗಳನ್ನು ಓದಿ ಜಾಲತಾಣಗಳು ಅದನ್ನು ಕಟ್ಟುತ್ತವೆ. 2010ರಲ್ಲಿ ಫೇಸ್‌ಬುಕ್ ತಂದ ಈ ಪದ್ಧತಿಯನ್ನು ಈಗ ವಾಟ್ಸಾಪ್, ಟೆಲಿಗ್ರಾಂ, ಲಿಂಕ್ಡ್‌ಇನ್ ಎಲ್ಲವೂ ಬಳಸುತ್ತವೆ. ಕಡ್ಡಾಯವಾದ ಟ್ಯಾಗ್‌ಗಳು ನಾಲ್ಕು: ಶೀರ್ಷಿಕೆ, ಪುಟದ ಬಗೆ, ಚಿತ್ರ, ಮೂಲ ವಿಳಾಸ. ಕಡ್ಡಾಯವಲ್ಲದಿದ್ದರೂ ವಿವರಣೆಯ ಟ್ಯಾಗ್ ಹಾಕಲೇಬೇಕು ಅನ್ನುವವನು ನಾನು. ಎಕ್ಸ್‌ಗೆ (ಹಳೆಯ ಟ್ವಿಟರ್) ತನ್ನದೇ ಕಾರ್ಡ್ ಟ್ಯಾಗ್‌ಗಳಿವೆ. ಅವು ಇಲ್ಲದ ಕಡೆ ಅದೂ ಓಪನ್ ಗ್ರಾಫ್ ಟ್ಯಾಗ್‌ಗಳನ್ನೇ ನೋಡುತ್ತದೆ. ದೊಡ್ಡ ಚಿತ್ರ ಬೇಕಿದ್ದರೆ ಮಾತ್ರ ಕಾರ್ಡ್‌ನ ಬಗೆಯನ್ನು ಬೇರೆಯಾಗಿ ಹೇಳಬೇಕು. ವರ್ಡ್‌ಪ್ರೆಸ್ ಬಳಸುವವರು ಇದನ್ನೆಲ್ಲ ಕೈಯಾರೆ ಬರೆಯಬೇಕಿಲ್ಲ, ಯಾವುದಾದರೂ ಒಳ್ಳೆಯ ಎಸ್‌ಇಒ (ಹುಡುಕಾಟದಲ್ಲಿ ಸೈಟ್ ಸಿಗುವಂತೆ ಸಜ್ಜುಗೊಳಿಸುವ) ಪ್ಲಗಿನ್ ಸಾಕು. ಎರಡು ಪ್ಲಗಿನ್ ಹಾಕಿಕೊಂಡರೆ ಎರಡೂ ಒಂದೇ ಟ್ಯಾಗನ್ನು ಬರೆದು ಕಿತ್ತಾಡುತ್ತವೆ.

ಚಿತ್ರದ ಟ್ಯಾಗ್ ಇಲ್ಲದಿದ್ದರೆ ಪುಟದಲ್ಲಿರುವ ಯಾವುದೋ ಚಿತ್ರವನ್ನು ಜಾಲತಾಣವೇ ಎತ್ತಿಕೊಳ್ಳುತ್ತದೆ. ನಾನು ಗಂಭೀರವಾಗಿ ಬರೆದ ಒಂದು ಲೇಖನದ ಜೊತೆ, ಸೈಡ್‌ಬಾರ್‌ನಲ್ಲಿದ್ದ ಹಾಸಿಗೆ ಜಾಹೀರಾತಿನ ಚಿತ್ರ ತಿಂಗಳುಗಟ್ಟಲೆ ಓಡಾಡಿತು. ಓದುಗರೊಬ್ಬರು ಸ್ಕ್ರೀನ್‌ಶಾಟ್ ಕಳಿಸಿ "ಹಾಸಿಗೆ ಮಾರೋಕೆ ಶುರು ಮಾಡಿದ್ರಾ?" ಎಂದು ಕೇಳುವವರೆಗೆ ನನಗೆ ಗೊತ್ತೇ ಇರಲಿಲ್ಲ.

ಚಿತ್ರದ ಅಳತೆ 1200 × 630 ಪಿಕ್ಸೆಲ್ ಇರಲಿ. ಫೇಸ್‌ಬುಕ್‌ನಲ್ಲಿ 600 × 315ಕ್ಕಿಂತ ಚಿಕ್ಕದಾದರೆ ಪಕ್ಕದಲ್ಲಿ ಅಂಚೆಚೀಟಿಯಷ್ಟು ಚೌಕವಾಗಿ ಕೂರುತ್ತದೆ. ಫೈಲ್‌ನ ತೂಕವೂ ಮುಖ್ಯ. ಚಿತ್ರ ಭಾರವಾದರೆ ವಾಟ್ಸಾಪ್ ಅದನ್ನು ತೋರಿಸುವುದೇ ಇಲ್ಲ, ಹಾಗಾಗಿ 300 ಕೆಬಿ ದಾಟದಂತೆ ನೋಡಿಕೊಳ್ಳುತ್ತೇನೆ. ಚಿತ್ರದ ಮೇಲೆ ಅಕ್ಷರ ಬರೆಯುವುದಾದರೆ ನಾಲ್ಕೈದು ಪದ ಸಾಕು. ಕಂಪ್ಯೂಟರ್‌ನಲ್ಲಿ ಚೆನ್ನಾಗಿ ಕಂಡ ಒತ್ತಕ್ಷರಗಳು ಫೋನಿನ ಚಾಟ್‌ನಲ್ಲಿ ಇರುವೆ ಸಾಲಿನಂತೆ ಕಾಣುತ್ತವೆ. ಮುಗಿಸುವ ಮುನ್ನ ಆ ಚಿತ್ರವನ್ನು ನಿಮ್ಮ ಫೋನಿಗೇ ಕಳಿಸಿಕೊಂಡು, ಕೈ ಚಾಚಿ ಹಿಡಿದು ನೋಡಿ.

ಟ್ಯಾಗ್ ಸರಿಯಿದ್ದೂ ಪ್ರಿವ್ಯೂ ಬರದಿದ್ದರೆ ಮೂರು ಕಡೆ ಹುಡುಕಿ. ಸೈಟ್ ಪೂರ್ತಿ ಜಾವಾಸ್ಕ್ರಿಪ್ಟ್‌ನಲ್ಲಿ ಕಟ್ಟಿದ್ದಾದರೆ, ಫೇಸ್‌ಬುಕ್‌ನ ಕ್ರಾಲರ್ (ಪುಟಗಳನ್ನು ಓದಲು ಬರುವ ಪ್ರೋಗ್ರಾಂ) ಸ್ಕ್ರಿಪ್ಟ್ ಓಡಿಸುವುದಿಲ್ಲವಾದ್ದರಿಂದ ಅದಕ್ಕೆ ಸಿಗುವುದು ಖಾಲಿ ಪುಟ. ಟ್ಯಾಗ್‌ಗಳು ಸರ್ವರ್‌ನಿಂದಲೇ ಬರಬೇಕು. ಎರಡನೆಯದು ರೋಬಾಟ್ಸ್ ಫೈಲ್, ಅಂದರೆ ಯಾವ ಬಾಟ್ (ತಾನಾಗಿ ಓಡುವ ಪ್ರೋಗ್ರಾಂ) ಸೈಟ್ ಓದಬಹುದು ಎಂದು ಹೇಳುವ ಫೈಲ್. ಬಾಟ್‌ಗಳ ಕಾಟ ಎಂದು ಎಲ್ಲರನ್ನೂ ತಡೆದಾಗ ಫೇಸ್‌ಬುಕ್, ಎಕ್ಸ್‌ಗಳ ಕ್ರಾಲರ್‌ಗೂ ಬಾಗಿಲು ಮುಚ್ಚಿರುತ್ತದೆ. ಮೂರನೆಯದು ಹಳೆಯ ಕ್ಯಾಷ್. ಒಮ್ಮೆ ಓದಿದ್ದನ್ನು ಜಾಲತಾಣಗಳು ನೆನಪಿಟ್ಟುಕೊಳ್ಳುತ್ತವೆ, ನೀವು ಚಿತ್ರ ಬದಲಿಸಿದರೂ ಹಳೆಯದೇ ಬರುತ್ತಿರುತ್ತದೆ. ಫೇಸ್‌ಬುಕ್‌ನ ಶೇರಿಂಗ್ ಡಿಬಗರ್‌ಗೆ, ಲಿಂಕ್ಡ್‌ಇನ್‌ನ ಪೋಸ್ಟ್ ಇನ್‌ಸ್ಪೆಕ್ಟರ್‌ಗೆ ವಿಳಾಸ ಕೊಟ್ಟು ಹೊಸದಾಗಿ ಓದಿಸಿ. ಎರಡೂ ಉಚಿತ. ಹೊಸ ಲೇಖನವನ್ನೂ ಶೇರ್ ಮಾಡುವ ಮೊದಲು ಒಮ್ಮೆ ಡಿಬಗರ್‌ಗೆ ತೋರಿಸುವುದು ಒಳ್ಳೆಯದು, ಮೊದಲ ಶೇರ್‌ನಲ್ಲಿ ಚಿತ್ರ ಬಾರದೆ ಪೇಚಾಡುವುದು ತಪ್ಪುತ್ತದೆ. ವಾಟ್ಸಾಪ್‌ನದು ಬೇರೆ ಕಥೆ. ಅಲ್ಲಿ ಪ್ರಿವ್ಯೂ ತಯಾರಾಗುವುದು ಕಳಿಸುವವರ ಫೋನಿನಲ್ಲಿ, ಕಳಿಸಿದ ಮೇಲೆ ಅದನ್ನು ತಿದ್ದಲಾಗದು.

ಇನ್ನು ವಿಳಾಸದ ಮಾತು. ಕನ್ನಡದಲ್ಲೇ ಸ್ಲಗ್ (ವಿಳಾಸದ ಕೊನೆಯಲ್ಲಿ ಬರುವ ಲೇಖನದ ಹೆಸರು) ಇಡುವ ಆಸೆ ನನಗೂ ಇತ್ತು. ಬ್ರೌಸರ್‌ನಲ್ಲಿ ಅದು ಚೆಂದವಾಗಿಯೇ ಕಾಣುತ್ತದೆ. ಕಾಪಿ ಮಾಡಿ ಚಾಟ್‌ಗೆ ಅಂಟಿಸಿ ನೋಡಿ: ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್, ಪ್ರತಿ ಬೈಟ್‌ಗೆ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ. 'ಕನ್ನಡ' ಎಂಬ ಪದದಲ್ಲಿ ಒತ್ತಿನ ಗುರುತೂ ಸೇರಿ ಐದು ಸಂಕೇತಗಳಿವೆ, ಅಂದರೆ 45 ಅಕ್ಷರಗಳ ಗೋಜಲು. ಇಡೀ ಶೀರ್ಷಿಕೆ ಹಾಕಿದರೆ ಚಾಟ್‌ನ ಅರ್ಧ ಪರದೆ ತುಂಬುತ್ತದೆ, ನೋಡಿದವರು ವೈರಸ್ ಲಿಂಕ್ ಅಂದುಕೊಳ್ಳುತ್ತಾರೆ. ಮನಸ್ಸಿಲ್ಲದ ಮನಸ್ಸಿನಿಂದ ರೋಮನ್ ಲಿಪಿಯ ಮೂರ್ನಾಲ್ಕು ಪದದ ಸ್ಲಗ್‌ಗೆ ಬಂದಿದ್ದೇನೆ.

ಹಂತ 2: ಒಂದು ಅಥವಾ ಎರಡು ಜಾಗ ಆರಿಸಿಕೊಳ್ಳಿ

ಎಲ್ಲ ಕಡೆ ಇರಬೇಕು ಎಂಬ ಸಲಹೆ ಕೊಡುವವರು ಸಾಮಾನ್ಯವಾಗಿ ಆ ಕೆಲಸಕ್ಕೇ ಒಂದು ತಂಡ ಇಟ್ಟುಕೊಂಡವರು. ಒಬ್ಬರೇ ಸೈಟ್ ನಡೆಸುವವರಿಗೆ ಎರಡು ಜಾಗ ಧಾರಾಳವಾಯಿತು. ಆರಿಸುವಾಗ ಎಷ್ಟು ಜನ ಇದ್ದಾರೆ ಎಂದು ಕೇಳುವುದಕ್ಕಿಂತ, ಆ ಜಾಗ ಲಿಂಕನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂದು ನೋಡಿ.

ಫೇಸ್‌ಬುಕ್ 2018ರ ಜನವರಿಯಲ್ಲಿ ನ್ಯೂಸ್ ಫೀಡ್‌ನ ಲೆಕ್ಕಾಚಾರ ಬದಲಿಸಿ, ಪೇಜ್‌ಗಳ ಪೋಸ್ಟ್‌ಗಳಿಗಿಂತ ಗೆಳೆಯರು ಮತ್ತು ಮನೆಯವರ ಪೋಸ್ಟ್‌ಗಳಿಗೆ ಮಣೆ ಹಾಕುವುದಾಗಿ ಹೇಳಿತು. ಪೇಜ್ ಕಟ್ಟಿ ಲಿಂಕ್ ಸುರಿಯುವ ಕಾಲ ಅಲ್ಲಿಗೆ ಮುಗಿಯಿತು. ಈಗ ಅಲ್ಲಿ ಕೆಲಸ ಮಾಡುವುದು ವಿಷಯಕ್ಕೆ ಸಂಬಂಧಿಸಿದ ಗ್ರೂಪ್‌ಗಳು. ಇನ್‌ಸ್ಟಾಗ್ರಾಂನಲ್ಲಿ ಪೋಸ್ಟ್‌ನ ಕ್ಯಾಪ್ಶನ್‌ಗೆ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಬಯೋದಲ್ಲಿ ಐದು ಲಿಂಕ್‌ವರೆಗೆ ಇಡಬಹುದು, ಸ್ಟೋರಿಯಲ್ಲಿ ಲಿಂಕ್ ಸ್ಟಿಕ್ಕರ್ ಇದೆ. ಹೆಸರು ಮಾಡಲು ಚೆನ್ನಾದ ಜಾಗ, ಕ್ಲಿಕ್ ತರಲು ಜಿಪುಣ ಜಾಗ. ಯೂಟ್ಯೂಬ್‌ನ ಮಾಮೂಲಿ ವಿಡಿಯೋಗಳ ವಿವರಣೆಯಲ್ಲಿ ಲಿಂಕ್ ನಡೆಯುತ್ತದೆ. ಶಾರ್ಟ್ಸ್‌ನ ವಿವರಣೆ ಮತ್ತು ಕಾಮೆಂಟ್‌ಗಳಲ್ಲಿ 2023ರ ಆಗಸ್ಟ್‌ನಿಂದ ಅದನ್ನು ನಿಲ್ಲಿಸಿದ್ದಾರೆ.

ಪಿಂಟರೆಸ್ಟ್ ಬಗ್ಗೆ ಕನ್ನಡದಲ್ಲಿ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಅದು ಹುಡುಕಾಟದ ಯಂತ್ರದಂತೆ ಕೆಲಸ ಮಾಡುವ ಜಾಗ. ಎಕ್ಸ್‌ನಲ್ಲಿ ಹಾಕಿದ ಪೋಸ್ಟ್ ಕೆಲವು ಗಂಟೆಗಳಲ್ಲಿ ಹಳತಾದರೆ, ಅಲ್ಲಿನ ಪಿನ್ (ಲಿಂಕ್ ಕಟ್ಟಿದ ಚಿತ್ರ) ತಿಂಗಳುಗಳ ನಂತರವೂ ಜನರನ್ನು ಕಳಿಸುತ್ತಿರುತ್ತದೆ. ಹೊಲಿಗೆ, ಮನೆ ಅಲಂಕಾರ, ತೋಟ, ಚಿತ್ರಕಲೆಯಂಥ ಕಣ್ಣಿಗೆ ಕಾಣುವ ವಿಷಯವಾದರೆ 1000 × 1500 ಪಿಕ್ಸೆಲ್‌ನ ಉದ್ದನೆಯ ಚಿತ್ರ ಮಾಡಿ ಹಾಕಿ. ನಮ್ಮ ಮೆಮೊರಿ ಕಾರ್ಡ್ ಲೇಖನಕ್ಕೆ ಅದು ಸರಿಹೊಂದದು. ಅದಕ್ಕೆ ಛಾಯಾಗ್ರಾಹಕರ ಗ್ರೂಪ್‌ಗಳು, ರೆಡ್ಡಿಟ್ (ವಿಷಯವಾರು ಚರ್ಚೆ ನಡೆಯುವ ತಾಣ), ವಾಟ್ಸಾಪ್ ಸರಿ.

ವಾಟ್ಸಾಪ್‌ನಲ್ಲಿ ಒಂದು ಮಿತಿ ನೆನಪಿರಲಿ. 2019ರಿಂದ ಒಂದು ಸಲಕ್ಕೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡಬಹುದು. ಬಹಳ ಸಲ ಕೈಬದಲಾದ ಸಂದೇಶವನ್ನು 2020ರ ಏಪ್ರಿಲ್‌ನಿಂದ ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಅದರ ಮೇಲೆ ಬೀಳುವ ಜೋಡಿ ಬಾಣದ ಗುರುತು ನೋಡಿದರೆ ಜನ ಈಗ ಓದುವುದನ್ನೇ ಬಿಡುತ್ತಾರೆ. ಹಾಗಾಗಿ ಲೇಖನದ ಪುಟದಿಂದಲೇ ಹೊಸದಾಗಿ ಶೇರ್ ಆಗುವಂತೆ ಮಾಡುವುದು ಜಾಣತನ. ಹೇಗೆ ಎಂಬುದು ಹಂತ 5ರಲ್ಲಿದೆ.

ಯಾವ ಜಾಗವನ್ನೂ ನಂಬಿ ಮನೆ ಕಟ್ಟಬೇಡಿ. 2004ರಲ್ಲಿ ಶುರುವಾದ, ಬಳಕೆದಾರರೇ ಲಿಂಕ್‌ಗಳಿಗೆ ವೋಟು ಹಾಕುತ್ತಿದ್ದ ಡಿಗ್ ಎಂಬ ತಾಣದ ಮುಖಪುಟಕ್ಕೆ ಲಿಂಕ್ ಏರಿದರೆ ಸೈಟ್‌ಗಳು ಕುಸಿದು ಬೀಳುತ್ತಿದ್ದ ಕಾಲವಿತ್ತು. 2010ರಲ್ಲಿ ಅದು ತನ್ನ ವಿನ್ಯಾಸ ಬದಲಿಸಿದಾಗ ಬಳಕೆದಾರರು ಸಿಟ್ಟಿಗೆದ್ದು ರೆಡ್ಡಿಟ್‌ಗೆ ಗುಳೆ ಹೋದರು. ಹೊಸ ಹೊಸ ಪುಟಗಳನ್ನು ತೋರಿಸುತ್ತಿದ್ದ ಸ್ಟಂಬಲ್‌ಅಪಾನ್ 2018ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿದವು. ಗೂಗಲ್‌ನದೇ ಅಲ್ಲವೇ, ಎಲ್ಲಿಗೆ ಹೋಗುತ್ತದೆ ಎಂದು ಪ್ಲಸ್‌ನಲ್ಲಿ ಬೆವರು ಸುರಿಸಿದವರಲ್ಲಿ ನಾನೂ ಒಬ್ಬ.

ಹಂತ 3: ಪೋಸ್ಟ್‌ನಲ್ಲೇ ಏನಾದರೂ ಕೊಡಿ

"ನನ್ನ ಹೊಸ ಲೇಖನ. ಓದಿ, ಅಭಿಪ್ರಾಯ ತಿಳಿಸಿ, ಶೇರ್ ಮಾಡಿ." ಇಂಥ ಪೋಸ್ಟ್‌ನಿಂದ ಓದುಗರಿಗೆ ಸಿಗುವುದು ಒಂದು ಕೆಲಸ, ಅದೂ ಬಿಟ್ಟಿ ಕೆಲಸ. ಅದೇ ಲೇಖನಕ್ಕೆ ಇನ್ನೊಂದು ಬಗೆಯ ಪೋಸ್ಟ್ ನೋಡಿ:

"ಮೆಮೊರಿ ಕಾರ್ಡ್‌ನಿಂದ ಫೋಟೋ ಅಳಿಸಿಹೋಯಿತೇ? ಕಾರ್ಡನ್ನು ಈಗಲೇ ಕ್ಯಾಮೆರಾದಿಂದ ಹೊರತೆಗೆಯಿರಿ. ಇನ್ನೊಂದು ಫೋಟೋ ಕೂಡ ತೆಗೆಯಬೇಡಿ. ಅಳಿಸಿದ ಫೈಲ್ ಅಲ್ಲೇ ಇರುತ್ತದೆ, ಅದರ ಜಾಗ ಖಾಲಿ ಎಂದಷ್ಟೇ ಕಾರ್ಡ್ ಬರೆದುಕೊಂಡಿರುತ್ತದೆ. ಹೊಸ ಫೋಟೋ ಅದೇ ಜಾಗದ ಮೇಲೆ ಕೂತರೆ ಹಳೆಯದು ಹೋಯಿತು ಅಂತಲೇ ಲೆಕ್ಕ. ಮುಂದೆ ಏನು ಮಾಡಬೇಕು ಎನ್ನುವುದನ್ನು ಇಲ್ಲಿ ಬರೆದಿದ್ದೇನೆ."

ಇಷ್ಟು ಓದಿದವರಿಗೆ ಲಿಂಕ್ ಒತ್ತದಿದ್ದರೂ ಉಪಯೋಗವಾಯಿತು. "ಎಲ್ಲವನ್ನೂ ಪೋಸ್ಟ್‌ನಲ್ಲೇ ಹೇಳಿದರೆ ಯಾರು ಬರುತ್ತಾರೆ?" ಎಂದು ಕೇಳುವವರಿದ್ದಾರೆ. ಪೋಸ್ಟ್‌ನಲ್ಲಿ ಹೇಳಿದ್ದು ಮೊದಲ ನಿಮಿಷದ ಕೆಲಸ, ಸೈಟ್‌ನಲ್ಲಿರುವುದು ಉಳಿದ ಒಂದು ಗಂಟೆಯ ಕೆಲಸ. ಫೋಟೋ ಕಳೆದುಕೊಂಡವರು ಬಂದೇ ಬರುತ್ತಾರೆ. ಕಳೆದುಕೊಳ್ಳದವರು ಕಳೆದುಕೊಂಡ ಗೆಳೆಯರಿಗೆ ಕಳಿಸುತ್ತಾರೆ, ಅವರೇ ನಮಗೆ ಬೇಕಾದ ಎರಡನೇ ವ್ಯಕ್ತಿ.

ಅದಕ್ಕೆ ಬದಲು ಅಡ್ಡಗೋಡೆ ಮೇಲೆ ದೀಪ ಇಟ್ಟಂಥ ಸಾಲು ಬರೆದು ("ಈ ತಪ್ಪನ್ನು ನೀವೂ ಮಾಡುತ್ತಿದ್ದೀರಾ? ಮೂರನೆಯದು ಕೇಳಿದರೆ ಬೆಚ್ಚಿಬೀಳುತ್ತೀರಿ") ಕುತೂಹಲ ಕೆರಳಿಸಿದರೆ ಕ್ಲಿಕ್ ಬರುತ್ತದೆ, ನಿಜ. ಆದರೆ ಬಂದು ಮೋಸಹೋದವರು ಮುಂದಕ್ಕೆ ಕಳಿಸುವುದಿಲ್ಲ. 'ಲೈಕ್ ಮಾಡಿ, ಐದು ಜನರನ್ನು ಟ್ಯಾಗ್ ಮಾಡಿ' ಎಂದು ಅಂಗಲಾಚುವ ಪೋಸ್ಟ್‌ಗಳನ್ನು ಕೆಳಕ್ಕೆ ತಳ್ಳುವುದಾಗಿ ಫೇಸ್‌ಬುಕ್ 2017ರಲ್ಲೇ ಹೇಳಿದೆ.

ಒಂದು ಲೇಖನಕ್ಕೆ ಒಂದೇ ಪೋಸ್ಟ್ ಎಂಬ ನಿಯಮವಿಲ್ಲ. ನಾನು ಲೇಖನ ಮುಗಿದ ದಿನವೇ ಅದರೊಳಗಿನ ನಾಲ್ಕೈದು ಸಂಗತಿಗಳನ್ನು ಬೇರೆ ಬೇರೆ ಪೋಸ್ಟ್‌ಗಳಾಗಿ ಬರೆದಿಟ್ಟುಕೊಳ್ಳುತ್ತೇನೆ. ಒಂದನ್ನು ಅವತ್ತು, ಇನ್ನೊಂದನ್ನು ಮುಂದಿನ ವಾರ, ಮತ್ತೊಂದನ್ನು ತಿಂಗಳ ನಂತರ ಹಾಕುತ್ತೇನೆ. ಎಲ್ಲ ಜಾಲತಾಣಕ್ಕೂ ಒಂದೇ ಪಠ್ಯವನ್ನು ಆಟೊಮ್ಯಾಟಿಕ್ ಆಗಿ ಎಸೆಯುವ ಸಾಧನಗಳನ್ನು ಬಿಟ್ಟಿದ್ದೇನೆ. ಇನ್‌ಸ್ಟಾಗ್ರಾಂಗೆಂದು ಬರೆದ ಹ್ಯಾಶ್‌ಟ್ಯಾಗ್‌ಗಳ ಸಾಲನ್ನು ಲಿಂಕ್ಡ್‌ಇನ್‌ನಲ್ಲಿ ನೋಡಿದವರಿಗೆ ಅದು ಯಂತ್ರದ ಕೆಲಸ ಎಂದು ತಕ್ಷಣ ಗೊತ್ತಾಗುತ್ತದೆ.

ಹಂತ 4: ಬೇರೆಯವರ ಜಗಲಿಯಲ್ಲಿ ಕೂರುವ ರೀತಿ

ರೆಡ್ಡಿಟ್, ಹ್ಯಾಕರ್ ನ್ಯೂಸ್ (ತಂತ್ರಜ್ಞಾನದ ಲಿಂಕ್‌ಗಳ ಚರ್ಚಾತಾಣ), ಫೇಸ್‌ಬುಕ್ ಗ್ರೂಪ್, ಟೆಲಿಗ್ರಾಂ ಗುಂಪು, ಇವೆಲ್ಲ ಆಗಲೇ ಮಾತು ನಡೆಯುತ್ತಿರುವ ಜಗಲಿಗಳು. ಬಂದವರೇ ಚೀಲ ಬಿಚ್ಚಿ ಸಾಮಾನು ಮಾರಲು ಕೂತರೆ ಎಬ್ಬಿಸಿ ಕಳಿಸುತ್ತಾರೆ. ರೆಡ್ಡಿಟ್‌ನಲ್ಲಿ ಬಹಳ ಕಾಲದಿಂದ ನಡೆದುಬಂದ ಒಂದು ಮಾತಿದೆ: ಹತ್ತರಲ್ಲಿ ಒಂಬತ್ತು ನಿಮ್ಮದಲ್ಲದ ವಿಷಯವಾಗಿರಲಿ, ಒಂದು ನಿಮ್ಮದಿರಲಿ. ಪ್ರತಿ ಸಬ್‌ರೆಡ್ಡಿಟ್‌ಗೂ (ರೆಡ್ಡಿಟ್‌ನೊಳಗೆ ಒಂದೊಂದು ವಿಷಯಕ್ಕಿರುವ ಗುಂಪು) ತನ್ನದೇ ನಿಯಮಗಳಿವೆ, ಕೆಲವು ಸ್ವಂತ ಸೈಟ್‌ನ ಲಿಂಕನ್ನು ಪೂರ್ತಿ ನಿಷೇಧಿಸಿವೆ. ಹೊಸ ಖಾತೆಯ ಮೊದಲ ಪೋಸ್ಟೇ ಲಿಂಕ್ ಆದರೆ ಎಷ್ಟೋ ಕಡೆ ಅದು ಯಾರಿಗೂ ಕಾಣದೆ ತಾನಾಗಿ ಅಳಿಸಿಹೋಗುತ್ತದೆ.

ನಾನು ಮಾಡುವುದು ಇಷ್ಟು. ಎರಡು ವಾರ ಬರೀ ಓದುತ್ತೇನೆ. ಯಾವ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ ಎಂದು ಗುರುತು ಹಾಕಿಕೊಳ್ಳುತ್ತೇನೆ. ಗೊತ್ತಿರುವುದಕ್ಕೆ ಲಿಂಕ್ ಇಲ್ಲದೆ ಉತ್ತರ ಕೊಡುತ್ತೇನೆ. ಯಾರಾದರೂ "ಕಾರ್ಡ್ ಫಾರ್ಮ್ಯಾಟ್ ಆಗಿಬಿಟ್ಟಿದೆ, ಏನು ಮಾಡಲಿ?" ಎಂದು ಕೇಳಿದಾಗ, ಪೂರ್ತಿ ಉತ್ತರವನ್ನು ಅಲ್ಲೇ ಬರೆದು, ಕೊನೆಯಲ್ಲಿ "ಇದರ ಚಿತ್ರಸಹಿತ ವಿವರ ನನ್ನ ಸೈಟ್‌ನಲ್ಲಿದೆ" ಎಂದು ಹೇಳಿ ಲಿಂಕ್ ಕೊಡುತ್ತೇನೆ. 'ನನ್ನ' ಎಂಬ ಪದ ಅಲ್ಲಿ ಇರಲೇಬೇಕು. ಬೇರೆ ಯಾರದೋ ಸೈಟ್ ಎಂಬಂತೆ ನಟಿಸಿ ಸಿಕ್ಕಿಬಿದ್ದವರಿಗೆ ಆ ಜಾಗದಲ್ಲಿ ಮತ್ತೆ ಮುಖ ತೋರಿಸಲಾಗದು.

ನಿಮ್ಮ ಲಿಂಕ್ ಮೇಲೇರಲೆಂದು ವೋಟು ಹಾಕಿ ಎಂದು ಗೆಳೆಯರಿಗೆ ಹೇಳಬೇಡಿ. ಹ್ಯಾಕರ್ ನ್ಯೂಸ್ ಮತ್ತು ರೆಡ್ಡಿಟ್ ಎರಡರಲ್ಲೂ ಅದು ನಿಯಮ ಮೀರಿದಂತೆ. ಗುಂಪುಕಟ್ಟಿ ಹಾಕಿದ ವೋಟುಗಳನ್ನು ಗುರುತಿಸುವ ವ್ಯವಸ್ಥೆಯೂ ಇದೆ.

ಹಂತ 5: ಬಂದವರು ಇಳಿಯುವ ಪುಟ

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಆ್ಯಪ್‌ಗಳಲ್ಲಿ ಲಿಂಕ್ ಒತ್ತಿದರೆ ಪುಟ ತೆರೆಯುವುದು ಆ ಆ್ಯಪ್‌ನೊಳಗಿನ ಬ್ರೌಸರ್‌ನಲ್ಲಿ. ನಿಮ್ಮ ಫೋನಿನಲ್ಲಿ ಹಾಗೆಯೇ ತೆರೆದು ನೋಡಿ, ಕ್ರೋಮ್‌ನಲ್ಲಿ ಚೆನ್ನಾಗಿದ್ದ ಪುಟ ಅಲ್ಲಿ ಬೇರೆಯೇ ಕಾಣಬಹುದು. ಕುಕ್ಕಿ ಒಪ್ಪಿಗೆಯ ಪಟ್ಟಿ, ನೋಟಿಫಿಕೇಶನ್ ಕೇಳುವ ಪೆಟ್ಟಿಗೆ, ನ್ಯೂಸ್‌ಲೆಟರ್ ಪಾಪ್‌ಅಪ್ ಮೂರೂ ಒಟ್ಟಿಗೆ ಎದ್ದು ನಿಂತರೆ ಓದುಗರಿಗೆ ಕಾಣುವುದು ಹಿಂದಕ್ಕೆ ಹೋಗುವ ಬಾಣ ಒಂದೇ. ಪ್ರಿವ್ಯೂನಲ್ಲಿ ಕೊಟ್ಟ ಮಾತು ಮೊದಲ ಪ್ಯಾರಾದಲ್ಲೇ ಈಡೇರಬೇಕು.

ಶೇರ್ ಬಟನ್‌ಗಳ ವಿಷಯಕ್ಕೆ ಬಂದರೆ, ಹತ್ತು ಬಣ್ಣದ ಸಾಲು ಬೇಡ. ಅವುಗಳಲ್ಲಿ ಹಲವು ಹೊರಗಿನ ಸ್ಕ್ರಿಪ್ಟ್‌ಗಳನ್ನು ಎಳೆದು ತಂದು ಪುಟವನ್ನು ನಿಧಾನ ಮಾಡುತ್ತವೆ. ಮೊಬೈಲ್ ಬ್ರೌಸರ್‌ಗಳಲ್ಲಿ ವೆಬ್ ಶೇರ್ ಎಂಬ ಸೌಲಭ್ಯವಿದೆ: ಒಂದೇ ಬಟನ್ ಒತ್ತಿದರೆ ಫೋನಿನದೇ ಶೇರ್ ಪಟ್ಟಿ ತೆರೆದುಕೊಳ್ಳುತ್ತದೆ, ಯಾರಿಗೆ ಯಾವುದರಲ್ಲಿ ಕಳಿಸಬೇಕೋ ಓದುಗರೇ ಆರಿಸಿಕೊಳ್ಳುತ್ತಾರೆ. ಸೈಟ್ ಎಚ್‌ಟಿಟಿಪಿಎಸ್‌ನಲ್ಲಿ ಇರಬೇಕು, ಅಷ್ಟೇ. ಬಟನನ್ನು ಲೇಖನದ ಕೊನೆಯಲ್ಲಿ ಇಡಿ, ಓದಿ ಮುಗಿಸಿದ ಮೇಲೆ ತಾನೇ ಕಳಿಸಬೇಕು ಅನ್ನಿಸುವುದು.

ಸರ್ವರ್ ಬಗ್ಗೆಯೂ ಒಂದು ಮಾತು. ಸ್ಲಾಶ್‌ಡಾಟ್ ಎಂಬ ತಾಣ ತೊಂಬತ್ತರ ದಶಕದ ಕೊನೆಯಲ್ಲಿ ಸಣ್ಣ ಸೈಟ್‌ಗಳಿಗೆ ಜನಪ್ರವಾಹ ಕಳಿಸಿ ಮುಳುಗಿಸುತ್ತಿದ್ದುದರಿಂದ 'ಸ್ಲಾಶ್‌ಡಾಟ್ ಪರಿಣಾಮ' ಎಂಬ ಮಾತೇ ಹುಟ್ಟಿತು. ನನ್ನ ಒಂದು ಲೇಖನ ದೊಡ್ಡ ಗುಂಪೊಂದರಲ್ಲಿ ಹರಡಿದ ರಾತ್ರಿ ಸೈಟ್ ಮಲಗಿತ್ತು, ನಾನೂ ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ "ಲಿಂಕ್ ತೆರೆಯುತ್ತಿಲ್ಲ" ಎಂಬ ಕಾಮೆಂಟ್‌ಗಳ ಸಾಲು. ಪೇಜ್ ಕ್ಯಾಷ್ (ತಯಾರಾದ ಪುಟದ ಪ್ರತಿಯನ್ನೇ ಎಲ್ಲರಿಗೂ ಕೊಡುವ ವ್ಯವಸ್ಥೆ) ಆನ್ ಮಾಡಿಟ್ಟು, ಚಿತ್ರಗಳನ್ನು ಸಿಡಿಎನ್ (ಬೇರೆ ಬೇರೆ ಕಡೆಯ ಸರ್ವರ್‌ಗಳಿಂದ ಫೈಲ್ ಹಂಚುವ ಸೇವೆ) ಮೂಲಕ ಕೊಟ್ಟಿದ್ದರೆ ಸಣ್ಣ ಹೋಸ್ಟಿಂಗ್ ಕೂಡ ತಡೆದುಕೊಳ್ಳುತ್ತಿತ್ತು.

ಹಂತ 6: ಎಲ್ಲಿಂದ ಬಂದರು ಎಂಬ ಲೆಕ್ಕ

ವಿಳಾಸದ ಬಾಲಕ್ಕೆ ಯುಟಿಎಂ ಗುರುತು ಕಟ್ಟಿದರೆ ಯಾವ ಪೋಸ್ಟ್‌ನಿಂದ ಎಷ್ಟು ಜನ ಬಂದರು ಎಂದು ತಿಳಿಯುತ್ತದೆ. ಯು ಎಂದರೆ ಅರ್ಚಿನ್. ಗೂಗಲ್ 2005ರಲ್ಲಿ ಕೊಂಡು, ಮುಂದೆ ಗೂಗಲ್ ಅನಲಿಟಿಕ್ಸ್ ಆಗಿ ಬೆಳೆಸಿದ ಕಂಪನಿಯ ಹೆಸರು ಅದು. ಸೋರ್ಸ್ (ಯಾವ ತಾಣ), ಮೀಡಿಯಂ (ಯಾವ ಬಗೆಯ ದಾರಿ), ಕ್ಯಾಂಪೇನ್ (ಯಾವ ಪ್ರಚಾರ) ಈ ಮೂರನ್ನು ತುಂಬಿದರೆ ಸಾಕು. ರೋಮನ್ ಸಣ್ಣಕ್ಷರಗಳಲ್ಲೇ ಬರೆಯಿರಿ. ಒಮ್ಮೆ ಮೊದಲ ಅಕ್ಷರ ದೊಡ್ಡದು, ಇನ್ನೊಮ್ಮೆ ಚಿಕ್ಕದು ಆದರೆ ಒಂದೇ ಫೇಸ್‌ಬುಕ್ ಎರಡು ಸಾಲಾಗಿ ಒಡೆಯುತ್ತದೆ. ನಿಮ್ಮ ಸೈಟ್‌ನ ಒಂದು ಪುಟದಿಂದ ಇನ್ನೊಂದಕ್ಕೆ ಕೊಡುವ ಲಿಂಕ್‌ಗಳಿಗೆ ಇದನ್ನು ಹಚ್ಚಬೇಡಿ, ಜನ ಮೂಲತಃ ಎಲ್ಲಿಂದ ಬಂದರೆಂಬ ಲೆಕ್ಕವೇ ಕೆಡುತ್ತದೆ.

ನನ್ನನ್ನು ಬಹಳ ದಿನ ಏಮಾರಿಸಿದ್ದು ಬೇರೆಯೇ. ಫೇಸ್‌ಬುಕ್ ಗುರುತಿನ ಲಿಂಕ್‌ನಿಂದ ಬಂದವರು ಅಡ್ರೆಸ್ ಬಾರ್‌ನಿಂದ ವಿಳಾಸ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ, ಆ ಗುರುತೂ ಜೊತೆಗೇ ಹೋಗುತ್ತದೆ. ಆಮೇಲೆ ಅಲ್ಲಿಂದ ಬಂದವರೆಲ್ಲ ಫೇಸ್‌ಬುಕ್ ಖಾತೆಗೆ ಜಮೆ. ಪುಟ ತೆರೆದು ಲೆಕ್ಕ ದಾಖಲಾದ ಮೇಲೆ ಅಡ್ರೆಸ್ ಬಾರ್‌ನಿಂದ ಬಾಲ ಕತ್ತರಿಸುವ ಎರಡು ಸಾಲಿನ ಸ್ಕ್ರಿಪ್ಟ್ ಹಾಕಿದ ಮೇಲೆ ಎರಡನೇ ಶೇರ್‌ಗಳು ಬೇರೆಯಾಗಿ ಕಾಣತೊಡಗಿದವು. ಅವು ಕಾಣುವುದು 'ಡೈರೆಕ್ಟ್' ಎಂಬ ಸಾಲಿನಲ್ಲಿ. ಚಾಟ್, ಇಮೇಲ್‌ಗಳಿಂದ ಬರುವ ಇಂಥ ಗುರುತಿಲ್ಲದ ಟ್ರಾಫಿಕ್‌ಗೆ ಪತ್ರಕರ್ತ ಅಲೆಕ್ಸಿಸ್ ಮಾಡ್ರಿಗಲ್ 2012ರಲ್ಲಿ 'ಡಾರ್ಕ್ ಸೋಶಿಯಲ್' ಎಂದು ಹೆಸರಿಟ್ಟರು. ಉದ್ದನೆಯ ವಿಳಾಸದ ಒಳಪುಟಕ್ಕೆ ಡೈರೆಕ್ಟ್ ಭೇಟಿ ಹೆಚ್ಚಿದರೆ, ಯಾರೂ ಅದನ್ನು ಟೈಪ್ ಮಾಡಿ ಬಂದಿಲ್ಲ, ಎಲ್ಲೋ ಚಾಟ್‌ನಲ್ಲಿ ಹರಿದಾಡುತ್ತಿದೆ ಎಂದು ತಿಳಿಯಿರಿ.

ಬರೀ ಭೇಟಿಗಳ ಸಂಖ್ಯೆ ನೋಡಿ ಹಿಗ್ಗಬೇಡಿ. ಗೂಗಲ್ ಅನಲಿಟಿಕ್ಸ್ 4ರಲ್ಲಿ 'ಎಂಗೇಜ್ಡ್ ಸೆಷನ್' ಎಂಬ ಅಂಕಿಯಿದೆ: ಹತ್ತು ಸೆಕೆಂಡಿಗಿಂತ ಹೆಚ್ಚು ನಿಂತವರು, ಎರಡನೇ ಪುಟ ತೆರೆದವರು, ಅಥವಾ ನೀವು ಮುಖ್ಯವೆಂದು ಗುರುತಿಸಿದ ಕೆಲಸ ಮಾಡಿದವರು ಅದರಲ್ಲಿ ಬರುತ್ತಾರೆ. ಜಾಗಗಳನ್ನು ಹೋಲಿಸಬೇಕಾದದ್ದು ಈ ಅಂಕಿಯಿಂದ. ದುಡ್ಡು ಕೊಟ್ಟು ತರಿಸುವ ಟ್ರಾಫಿಕ್ ಇಲ್ಲಿ ಬಣ್ಣ ಬಿಡುತ್ತದೆ.

ಸೋಶಿಯಲ್ ಮೀಡಿಯಾದಲ್ಲಿ ಲಿಂಕ್ ಹಾಕಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತೇವೆ ಎಂಬ ನಂಬಿಕೆಯನ್ನೂ ಇಲ್ಲೇ ಬಿಟ್ಟುಬಿಡಿ. ಬಹುತೇಕ ಜಾಲತಾಣಗಳು ಹೊರಗಿನ ಲಿಂಕ್‌ಗಳಿಗೆ ನೋಫಾಲೋ (ಇದನ್ನು ನಮ್ಮ ಶಿಫಾರಸು ಎಂದು ಎಣಿಸಬೇಡಿ ಎಂದು ಗೂಗಲ್‌ಗೆ ಹೇಳುವ) ಗುರುತು ಹಚ್ಚುತ್ತವೆ. ಅಲ್ಲಿ ನಿಮ್ಮನ್ನು ಓದಿದ ಯಾರೋ ತಮ್ಮ ಸೈಟ್‌ನಿಂದ ಲಿಂಕ್ ಕೊಟ್ಟರೆ ಅದು ಬೇರೆ ಮಾತು.

ಹಂತ 7: ಹಳೆಯದನ್ನು ಎಬ್ಬಿಸಿ

ಬಂದವರು ಮತ್ತೆ ಬರಲು ಜಾಲತಾಣದ ಹಂಗಿಲ್ಲದ ಒಂದು ದಾರಿ ಇಡಿ. ಇಮೇಲ್ ಪಟ್ಟಿ ಒಳ್ಳೆಯದು, ಆರ್‌ಎಸ್‌ಎಸ್ (ಹೊಸ ಲೇಖನ ಬಂದುದನ್ನು ಓದುಗರ ರೀಡರ್ ಆ್ಯಪ್‌ಗೆ ತಿಳಿಸುವ ವ್ಯವಸ್ಥೆ) ಇದ್ದರೆ ಇನ್ನೂ ಒಳ್ಳೆಯದು. ಲೇಖನದ ನಡುವೆ ಅಡ್ಡಗಟ್ಟಿ ಕೇಳದೆ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಕೇಳಿ.

ಹೊಸ ಲೇಖನ ಬರೆಯುವ ಮೊದಲು ಒಂದು ಸಂಜೆ ಕೂತು ಹಳೆಯ ಪುಟಗಳನ್ನು ನೋಡಿ. ಅನಲಿಟಿಕ್ಸ್‌ನಲ್ಲಿ ಅತಿ ಹೆಚ್ಚು ಓದಿಸಿಕೊಂಡ ಮೂರನ್ನು ಆರಿಸಿ. ಅವುಗಳಲ್ಲಿ ಹಳತಾದ ಮಾಹಿತಿ ತಿದ್ದಿ, ಓಪನ್ ಗ್ರಾಫ್ ಚಿತ್ರ ಮಾಡಿ ಹಾಕಿ, ಡಿಬಗರ್‌ಗೆ ತೋರಿಸಿ, ಒಂದೊಂದಕ್ಕೂ ಹೊಸ ಪೋಸ್ಟ್ ಬರೆಯಿರಿ. ವಿಳಾಸವನ್ನು ಮಾತ್ರ ಬದಲಿಸಬೇಡಿ, ಹಿಂದೆ ಯಾರೋ ಯಾರಿಗೋ ಕಳಿಸಿದ ಲಿಂಕ್‌ಗಳು ಇನ್ನೂ ಚಾಟ್‌ಗಳಲ್ಲಿ ಬಿದ್ದಿರುತ್ತವೆ. ಬದಲಿಸಲೇಬೇಕಾಗಿ ಬಂದರೆ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ 301 ರೀಡೈರೆಕ್ಟ್ ಹಾಕಿ. ನನ್ನ ಹಾಸಿಗೆ ಚಿತ್ರದ ಲೇಖನವನ್ನು ಹೀಗೆಯೇ ಎಬ್ಬಿಸಿದೆ. ಸರಿಯಾದ ಚಿತ್ರದೊಂದಿಗೆ ಅದು ಈಗಲೂ ಓಡಾಡುತ್ತಿದೆ. ಆ ಸ್ಕ್ರೀನ್‌ಶಾಟ್ ಕಳಿಸಿದ್ದ ಓದುಗರು ಮಾತ್ರ ಹಾಸಿಗೆಯ ರೇಟು ಕೇಳುವುದನ್ನು ಬಿಟ್ಟಿಲ್ಲ.